ದೇವರ ತಲೆಗೆ ಕಟ್ಟಿದ ಲಿಫ್ಟುಗಳು

ಲಿಫ್ಟ್ ತಪಾಸಣೆಯ ಕೆಲಸಕ್ಕೆ ಹೊಸದಾಗಿ ಸೇರಿದ ನೀವು ಎಲ್ಲಿಗೇ ಹೋಗಿ, ನಿಮಗಿಂತ ಮೊದಲೇ ದೇವರು ಅಲ್ಲಿಗೆ ಬಂದಿರುತ್ತಾನೆ. ಮೇಲಿನ ಮೆಷಿನ್ ರೂಮಿನ ಬಾಗಿಲು ತೆಗೆದರೆ ಮೋಟಾರಿಗೆ ವಿಭೂತಿ, ಕಂಟ್ರೋಲ್ ಪೆಟ್ಟಿಗೆಗೆ ಕುಂಕುಮ, ಕಿಟಕಿಯ ಸರಳಿಗೆ ಕಟ್ಟಿದ ಒಣ ನಿಂಬೆಹಣ್ಣು. ಅದಕ್ಕೆ ನನ್ನ ತಕರಾರಿಲ್ಲ. ದೇವರಿಗೆ ದೀಪ ಹಚ್ಚದೆ ಕಾಫಿ ಕುಡಿಯುವವಳಲ್ಲ ನಾನೂ. ನನ್ನ ತಕರಾರು ಏನಿದ್ದರೂ, ಲಿಫ್ಟ್ ಬಿದ್ದ ಮೇಲೆ ಇವರೆಲ್ಲ ಸೇರಿಕೊಂಡು ಅದೇ ದೇವರನ್ನು ಕಟಕಟೆಗೆ ಹತ್ತಿಸುತ್ತಾರಲ್ಲ, ಅದರ ಬಗ್ಗೆ.

"ಹಣೆಬರಹ." "ಗ್ರಹಚಾರ." "ಆಯಸ್ಸು ಅಷ್ಟೇ ಇತ್ತು." "ಮೇಲಿನವನ ಇಚ್ಛೆ." ಇವನ್ನು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಉಕ್ಕಿನ ಹಗ್ಗ ಎಳೆ ಎಳೆಯಾಗಿ ಬಿಚ್ಚಿಕೊಂಡಿದ್ದು ಇಡೀ ಕಟ್ಟಡದಲ್ಲಿ ಒಬ್ಬರ ಕಣ್ಣಿಗೂ ಬಿದ್ದಿರುವುದಿಲ್ಲ, ವಿಧಿ ಮಾತ್ರ ಎಲ್ಲರಿಗೂ ನಿಚ್ಚಳವಾಗಿ ಕಾಣುತ್ತದೆ. ನಿವೃತ್ತಳಾಗಿ ಯಲಹಂಕದ ಮನೆಯಲ್ಲಿ ಕೂತಿದ್ದರೂ ಈ ಮಾತು ನೆನಪಾದರೆ ಮೈ ಉರಿಯುತ್ತದೆ. ಯಾವ ವರ್ಷ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ನನಗೇ ನೆನಪಿಲ್ಲ, ನಿಮಗಂತೂ ಬೇಕಿಲ್ಲ. ನೆನಪಿರುವುದನ್ನು ಹೇಳುತ್ತೇನೆ.

ಯಶವಂತಪುರದ ಮಂಡಿಯ ಹತ್ತಿರ ಒಂದು ಉಗ್ರಾಣ. ಈರುಳ್ಳಿ ಮೂಟೆ ಸಾಗಿಸುವ ಲಿಫ್ಟ್. ಆಯುಧಪೂಜೆಯ ದಿನ ಸಾಹುಕಾರರು ಶ್ರದ್ಧೆಯಿಂದ ಯಂತ್ರಕ್ಕೆ ಪೂಜೆ ಮಾಡಿಸಿದ್ದರು. ನೀರಲ್ಲಿ ಕಲಸಿದರೆ ಕುಂಕುಮ ಒಣಗಿ ಉದುರುತ್ತದೆ ಎಂದು ಯಾರೋ ಬುದ್ಧಿವಂತರು ಎಣ್ಣೆಯಲ್ಲಿ ಕಲಸಿ, ಎಲ್ಲ ಬಿಟ್ಟು ಬ್ರೇಕಿನ ಡ್ರಮ್ಮಿಗೆ ಬಳಿದಿದ್ದರು. ಎಣ್ಣೆ ಕುಡಿದ ಬ್ರೇಕು ಹಿಡಿಯುತ್ತದೆಯೇ? ಹಬ್ಬ ಕಳೆದು ಸ್ವಲ್ಪ ದಿನಕ್ಕೆ ತುಂಬಿದ ಲಿಫ್ಟ್ ಜಾರಿ ಕೆಳಗೆ ಕೂತಿತು. ಹಮಾಲಿಯೊಬ್ಬನ ಪಾದ ನಜ್ಜುಗುಜ್ಜಾಯಿತು. ನಾನು ಹೋದಾಗ ಸಾಹುಕಾರರು ಕುರ್ಚಿ ಹಾಕಿಸಿ, ಮಜ್ಜಿಗೆ ತರಿಸಿ, ನಿಟ್ಟುಸಿರು ಬಿಟ್ಟರು.

"ಸಾಡೇಸಾತಿ ನಡೀತಿದೆ ಮೇಡಂ ನಂಗೆ. ಶನಿ ಶಾಂತಿ ಮಾಡಿಸ್ತೀನಿ."

"ಸಾಡೇಸಾತಿ ನಿಮಗೆ, ಕಾಲು ಹೋಗಿದ್ದು ಅವನಿಗೆ. ಇದ್ಯಾವ ಶನಿ ಸ್ವಾಮಿ? ಮೊದ್ಲು ಡ್ರಮ್ ಒರೆಸಿ ಲೈನಿಂಗ್ ಬದಲಾಯ್ಸಿ. ಆಮೇಲೆ ಶಾಂತಿ ಮಾಡ್ಸಿ, ನಾನೂ ಊಟಕ್ಕೆ ಬರ್ತೀನಿ" ಎಂದೆ. ಅವರಿಗೆ ಬೇಜಾರಾಯಿತು. ಆಗಲಿ ಬಿಡಿ.

ಓದಿದವರು ಇದಕ್ಕಿಂತ ವಾಸಿ ಎಂದುಕೊಳ್ಳಬೇಡಿ. ಹೆಬ್ಬಾಳದ ಒಂದು ಅಪಾರ್ಟ್‌ಮೆಂಟಿನಲ್ಲಿ ತಪಾಸಣೆಗೆ ಹೋಗಿದ್ದೆ. ಅಲ್ಲಿಯ ಕತೆಗೆ ಮೊದಲು ಲಿಫ್ಟಿನ ಮೂಲ ಧರ್ಮ ಏನೆಂದು ನೀವು ತಿಳಿಯಬೇಕು. ಲಿಫ್ಟ್ ಬಂದು ನಿಲ್ಲದೆ ಆ ಮಹಡಿಯ ಬಾಗಿಲು ತೆರೆಯಬಾರದು. ಬಾಗಿಲು ಮುಚ್ಚದೆ ಲಿಫ್ಟ್ ಕದಲಬಾರದು. ಇವೆರಡನ್ನು ಕಾಯಲು ಪ್ರತಿ ಮಹಡಿಯ ಬಾಗಿಲಿಗೂ ಒಂದು ಬೀಗ ಇರುತ್ತದೆ. ಬೀಗ ಸವೆದರೆ ಲಿಫ್ಟ್ ಮೇಲಿಂದ ಮೇಲೆ ನಿಲ್ಲತೊಡಗುತ್ತದೆ. ಆಗ ಹೊಸ ಬೀಗ ಹಾಕುವ ಬದಲು ಕೆಲವರು ಒಂದು ಗೇಣು ವೈರ್ ತಂದು ಬೀಗದ ಎರಡು ತುದಿಗೆ ಸಿಕ್ಕಿಸಿಬಿಡುತ್ತಾರೆ. ಎಲ್ಲ ಬಾಗಿಲೂ ಮುಚ್ಚಿದೆ ಎಂದು ಯಂತ್ರ ನಂಬಿಕೊಂಡು ಓಡುತ್ತದೆ. ಮೆಕ್ಯಾನಿಕ್‌ಗಳು ಇದಕ್ಕೆ 'ಶಾರ್ಟ್ ಮಾಡೋದು' ಎನ್ನುತ್ತಾರೆ. ನಾನು ಇದಕ್ಕೆ ಕೊಲೆಗೆ ಸಿದ್ಧತೆ ಎನ್ನುತ್ತೇನೆ.

ಹೆಬ್ಬಾಳದಲ್ಲಿ ಅಂಥದ್ದೇ ಒಂದು ವೈರ್ ಸಿಕ್ಕಿತು, ಕಿತ್ತೆ. ಅದನ್ನು ಕೀಳಲು ಅಡ್ಡವಿದ್ದ ದೇವರ ಪಟವನ್ನು ತೆಗೆದು, ಕಣ್ಣಿಗೊತ್ತಿಕೊಂಡು, ಪಕ್ಕದ ಗೂಡಿನಲ್ಲಿಟ್ಟೆ. ವೈರ್ ಹೋದ ಮೇಲೆ ಲಿಫ್ಟ್ ನಿಂತಿತು, ನಿಲ್ಲಲೇಬೇಕು. ಮಾರನೆಯ ದಿನ ಸಂಘದ ಕಾರ್ಯದರ್ಶಿಯಿಂದ ಕಚೇರಿಗೆ ದೂರು: ತಪಾಸಣೆಗೆ ಬಂದವರು ದೇವರ ಪಟ ಕದಲಿಸಿದ್ದರಿಂದ ಲಿಫ್ಟ್ ಕೆಟ್ಟಿದೆ. ಆ ಮನುಷ್ಯ ಯಂತ್ರಶಾಸ್ತ್ರದಲ್ಲಿ ದೊಡ್ಡ ಡಿಗ್ರಿ ಮಾಡಿದವರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಗಲಿಲ್ಲ, ಫೋನ್ ಮಾಡಿ ಚೆನ್ನಾಗಿ ಬೈದೆ.

ನಮ್ಮ ಮೇಲಧಿಕಾರಿ ಶ್ರೀಕಂಠಯ್ಯನವರಿಗೆ ಇಂಥ ದೂರು ಬಂದರೆ ನನ್ನ ಮೇಲೇ ಸಿಟ್ಟು. ಹಣೆ ತುಂಬ ವಿಭೂತಿ, ಮೃದು ಮಾತು. "ಎಲ್ಲಾ ಅವನ ಕೈಲಿದೆ ಜಾನಕಿ. ನಾವು ಬರೀ ನಿಮಿತ್ತ. ಯಾಕೆ ಅಷ್ಟು ಹಾರಾಡ್ತೀರಾ?" ಎನ್ನುತ್ತಿದ್ದರು. ಅಪಘಾತದ ಕಡತ ಬಂದರೆ ಅವರ ಲೇಖನಿಯಿಂದ ತಾನಾಗಿ ಇಳಿಯುತ್ತಿದ್ದ ಪದ 'ದೈವಾಧೀನ'. ಅದನ್ನು ಬರೆದರೆ ಯಾರಿಗೂ ನೋಟಿಸು ಕೊಡಬೇಕಿಲ್ಲ, ಯಾರ ಮುಲಾಜಿಗೂ ಬೀಳಬೇಕಿಲ್ಲ. ಆದರೆ ಅವರ ಸ್ವಂತ ವರ್ಗಾವಣೆಯ ಮಾತು ಬಂದಾಗ ಎಲ್ಲವನ್ನೂ ಅವನ ಕೈಗೆ ಬಿಟ್ಟು ಕೂತಿದ್ದನ್ನು ನಾನು ನೋಡಲಿಲ್ಲ. ಮಂತ್ರಿಗಳ ಮನೆಯ ಗೇಟು ಸವೆಯುವಷ್ಟು ಓಡಾಡಿದರು. ತಮ್ಮ ವಿಷಯಕ್ಕೆ ಪುರುಷಪ್ರಯತ್ನ, ಕೂಲಿಯವನ ಕಾಲಿಗೆ ವಿಧಿ. ಈ ಹಂಚಿಕೆ ಮಾಡಿದವರು ಯಾರು ಎಂದು ಒಮ್ಮೆ ಮುಖಕ್ಕೇ ಕೇಳಿದೆ. ಆಮೇಲೆ ಬಹಳ ದಿನ ನನಗೆ ಜೀಪು ಸಿಗಲಿಲ್ಲ, ಬಿಎಂಟಿಸಿ ಬಸ್ಸಿನಲ್ಲೇ ತಿರುಗಿದೆ.

ಈ ವಾದವನ್ನು ನಾನು ಎಲ್ಲಿಂದಲೋ ಕದ್ದು ತಂದದ್ದಲ್ಲ. ನಮ್ಮಪ್ಪ ಶಾಲೆಯ ಮೇಷ್ಟರು, ಮಾಧ್ವರು, ಮಠದಲ್ಲಿ ಕೂತು ಪಾಠ ಹೇಳಿಸಿಕೊಂಡವರು. ಹರಿಯೊಬ್ಬನೇ ಸ್ವತಂತ್ರ, ಜೀವರೆಲ್ಲ ಪರತಂತ್ರರು ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ರೇಗಿಕೊಂಡು ಕೇಳಿದ್ದೆ: ಹಾಗಾದರೆ ಲಿಫ್ಟ್ ಬಿದ್ದರೆ ಹರಿಯೇ ಬೀಳಿಸಿದನೇ?

ಅಪ್ಪ ಕನ್ನಡಕ ತೆಗೆದಿಟ್ಟರು. "ಅರ್ಧ ಸಿದ್ಧಾಂತ ಕೇಳಿ ಜಗಳಕ್ಕೆ ಬರಬೇಡ. ನಾವು ಪರತಂತ್ರರು, ನಿಜ. ಆದ್ರೆ ದತ್ತ ಸ್ವಾತಂತ್ರ್ಯ ಅಂತ ಒಂದಿದೆ. ಇಷ್ಟು ನೀನೇ ಮಾಡ್ಕೋ ಅಂತ ಅವನೇ ನಮ್ಮ ಕೈಗೆ ಕೊಟ್ಟಿದ್ದು. ಅದಿಲ್ದೆ ಹೋಗಿದ್ರೆ ಶಾಸ್ತ್ರ ಇದನ್ನ ಮಾಡು, ಇದನ್ನ ಮಾಡಬೇಡ ಅಂತ ಯಾರಿಗೆ ಹೇಳ್ತಿತ್ತು? ಕಲ್ಲಿಗೆ ಯಾರಾದ್ರೂ ಬುದ್ಧಿ ಹೇಳ್ತಾರಾ? ಕೊಟ್ಟಿದ್ದನ್ನ ಬಳಸ್ದೆ ವಾಪಸ್ ಅವನ ಮುಂದೆ ಇಟ್ಟು ಕೈಮುಗಿದ್ರೆ ಅದು ಭಕ್ತಿ ಅಲ್ಲಮ್ಮ, ಮೈಗಳ್ಳತನ."

ನನ್ನ ಜೊತೆ ಬಹಳ ಕಾಲ ಕೆಲಸ ಮಾಡಿದ ನಜೀರ್ ಅಹಮದ್ ಆರ್.ಟಿ. ನಗರದವರು. ನನ್ನಂತೆಯೇ ತಪಾಸಕರು, ಐದು ಹೊತ್ತು ನಮಾಜು ಬಿಡದವರು. ಅಪ್ಪನ ಮಾತನ್ನು ಅವರಿಗೆ ಹೇಳಿದಾಗ ಚಹಾದ ಲೋಟ ಕೆಳಗಿಟ್ಟರು. "ನಮ್ಮಲ್ಲೂ ತಕ್ದೀರ್ ಅಂತಾರೆ ಮೇಡಂ. ಎಲ್ಲಾ ಮೊದ್ಲೇ ಬರೆದಿದೆ ಅಂತ. ನಾನು ಒಪ್ತೀನಿ. ಆದ್ರೆ ಏನ್ ಬರೆದಿದೆ ಅಂತ ನಂಗೆ ತೋರಿಸಿಲ್ವಲ್ಲ? ನಾನು ಓದೇ ಇಲ್ದಿರೋದನ್ನ ನೆಪ ಮಾಡ್ಕೊಂಡು, ಹಗ್ಗ ನೋಡ್ದೆ ಸಹಿ ಹಾಕಿದ್ರೆ, ಅವನ ಹೆಸರಲ್ಲಿ ಸುಳ್ಳು ಹೇಳ್ದಂಗೆ ಆಗುತ್ತೆ." ನಮ್ಮಪ್ಪನನ್ನೂ ನಜೀರರನ್ನೂ ಒಮ್ಮೆ ಎದುರುಬದುರು ಕೂರಿಸಬೇಕೆಂದು ಆಸೆಯಿತ್ತು. ಆಗಲಿಲ್ಲ.

ಕೆಲಸದ ರೀತಿಯೂ ನಮ್ಮ ಕಣ್ಣೆದುರಿಗೇ ಬದಲಾಯಿತು. ನಾವು ಲಿಫ್ಟಿನ ನೆತ್ತಿಯ ಮೇಲೆ ಹತ್ತಿ ನಿಂತು, ಒಂದೊಂದೇ ಮಹಡಿ ಇಳಿಯುತ್ತ, ಪ್ರತಿ ಬಾಗಿಲನ್ನೂ ಕೈಯಲ್ಲಿ ಎಳೆದು ನೋಡುತ್ತಿದ್ದೆವು. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ನಾನೂ ಹತ್ತುತ್ತಿದ್ದೆ. ಈಗ "ಫೋಟೋ ಕಳಿಸಿದ್ದೀವಲ್ಲ ಮೇಡಂ, ಅದ್ರಲ್ಲೇ ನೋಡ್ಕೊಳ್ಳಿ" ಎನ್ನುತ್ತಾರೆ ಕಟ್ಟಡದವರು. ಫೋಟೋದಲ್ಲಿ ಎಲ್ಲ ಬಾಗಿಲೂ ಮುಚ್ಚಿಯೇ ಇರುತ್ತವೆ. ಎಳೆದರೆ ತಾನೆ ಗೊತ್ತಾಗುವುದು. ದಯವಿಟ್ಟು ಎಳೆದು ನೋಡಿ.

ಎಳೆದು ನೋಡದ ಬಾಗಿಲಿನ ಕತೆಯೇ ಗಂಗಮ್ಮನದು. ಇಷ್ಟು ಹೊತ್ತು ಹೇಳಿದ್ದೆಲ್ಲ ಅದಕ್ಕೆ ಪೀಠಿಕೆ ಎಂದುಕೊಳ್ಳಿ.

ಚಿಕ್ಕಬಾಣಾವರದಲ್ಲಿ ರೈಲ್ವೆ ಸ್ಟೇಷನ್ನಿಗೆ ಹತ್ತಿರ ಮುನಿರಾಜಣ್ಣನ ಕಟ್ಟಡ. ಊರಿನ ಹಳೆಯ ಒಕ್ಕಲು ಮನೆತನ. ರಾಗಿ ಬೆಳೆಯುತ್ತಿದ್ದ ಹೊಲದಲ್ಲೀಗ ಐದು ಮಹಡಿ ಎಬ್ಬಿಸಿ, ಹುಡುಗರಿಗೆ ಊಟ-ವಸತಿಯ ಪಿ.ಜಿ. ನಡೆಸುತ್ತಿದ್ದ. ತಣಿಸಂದ್ರದಲ್ಲಿ ಅಂಥದ್ದೇ ಇನ್ನೊಂದು ಕಟ್ಟಡ, ಅದೇ ಮಾದರಿಯ ಲಿಫ್ಟ್. ಗಂಗಮ್ಮ ಮತ್ತು ಅವಳ ಗಂಡ ಮಾರಪ್ಪ ಆ ಬೀದಿಗಳಿಗೆಲ್ಲ ಕುಡಿಯುವ ನೀರಿನ ಕ್ಯಾನ್ ಹಾಕುತ್ತಿದ್ದರು. ಅಂದು ಬೆಳಿಗ್ಗೆ ನಾಲ್ಕನೇ ಮಹಡಿಯಲ್ಲಿ ಮಾರಪ್ಪ ಖಾಲಿ ಕ್ಯಾನುಗಳ ಗಾಡಿಯನ್ನು ಹಿಮ್ಮುಖವಾಗಿ ಎಳೆಯುತ್ತ ಲಿಫ್ಟಿನೊಳಕ್ಕೆ ಕಾಲಿಟ್ಟ. ಬಾಗಿಲು ತೆರೆದಿತ್ತು. ಲಿಫ್ಟ್ ಇರಲಿಲ್ಲ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಾನೂ ನಜೀರರೂ ಮಾರನೆಯ ದಿನ ಹೋದಾಗ ಎಲ್ಲ ಮಹಡಿಯ ಬಾಗಿಲಿಗೂ ಹೊಸ ಬೀಗಗಳು ಮಿರಮಿರ ಮಿಂಚುತ್ತಿದ್ದವು. ಹಳೆಯ ಬೀಗಗಳೂ ಇಲ್ಲ, ವೈರೂ ಇಲ್ಲ. ಮೆಕ್ಯಾನಿಕ್ ಯಾವುದೋ ಊರಿಗೆ ಹೋಗಿದ್ದಾನಂತೆ, ಫೋನ್ ಸ್ವಿಚ್ ಆಫ್. ಪಿ.ಜಿ.ಯ ಹುಡುಗರು ನಮಗೇನೂ ಗೊತ್ತಿಲ್ಲ ಎಂದು ಬಾಗಿಲು ಹಾಕಿಕೊಂಡರು. ಮುನಿರಾಜಣ್ಣ ಮಾತ್ರ ನಿಜವಾಗಿಯೂ ಕುಗ್ಗಿದ್ದ. ಕಣ್ಣು ಕೆಂಪಗಿತ್ತು. ತಾನು ಬೇಜವಾಬ್ದಾರಿ ಮನುಷ್ಯನಲ್ಲ ಎಂದು ನಮಗೆ ತೋರಿಸಬೇಕೆಂಬ ಆತುರ ಬೇರೆ.

"ನಾನೇನ್ ಸುಮ್ಕೆ ಓಡ್ಸಿದ್ನಾ ಮೇಡಂ? ನಮ್ ಅಮ್ಮನ್ನ ಊವ ಕೇಳೇ ಓಡ್ಸಿದ್ದು. ಬಲಗಡೆ ಕೊಟ್ಲು ತಾಯಿ. ಇಂಗಾಯ್ತದೆ ಅಂತ ಯಾರ್ಗೊತ್ತಿತ್ತು? ಅವ್ಳೇ ಬಲಗಡೆ ಕೊಟ್ಮೇಲೆ ಇನ್ ಯಾರ್ನ ಕೇಳಾನ?"

ಹೂ ಕೇಳುವುದು ನಿಮಗೆ ಗೊತ್ತಿರಬಹುದು. ಗ್ರಾಮದೇವತೆಯ ಗುಡಿಯಲ್ಲಿ ಅಮ್ಮನ ಮೈಮೇಲೆ ಹೂ ಇಟ್ಟು, ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಕೈಮುಗಿದು ನಿಲ್ಲುತ್ತಾರೆ. ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಬೇಡ. ಬಾವಿ ತೋಡಲೋ, ಸಂಬಂಧ ಬೆಳೆಸಲೋ ಎಂದು ಅನುಮಾನ ಬಂದಾಗ ಹೀಗೆ ಕೇಳುವುದು ಆ ಮನೆತನಗಳ ರೂಢಿ. ನಾನು ಮೆಲ್ಲಗೆ ಕೇಳಿದೆ.

"ಏನಂತ ಕೇಳಿದ್ರಿ ಮುನಿರಾಜಣ್ಣ?"

"ಲಿಫ್ಟು ಓಡ್ಸಾನಾ, ನಿಲ್ಸಾನಾ ಅಂತ."

"ಚೆನ್ನಾಗಿರೋ ಲಿಫ್ಟ್ ಓಡ್ಸೋಕೆ ಯಾರಾದ್ರೂ ಹೂ ಕೇಳ್ತಾರಾ?"

ಅದಕ್ಕೆ ಉತ್ತರ ಅವನ ಮುಖದಲ್ಲೇ ಇತ್ತು. ಬಾಗಿಲಿನ ಬೀಗ ಹೋಗಿದೆ, ಹೊಸದು ಬರುವ ತನಕ ಲಿಫ್ಟ್ ನಿಲ್ಲಿಸಿ ಎಂದು ಮೆಕ್ಯಾನಿಕ್ ಹೇಳಿರಬೇಕು. ನಿಲ್ಲಿಸಿದರೆ ಪಿ.ಜಿ.ಯವರು ಗಲಾಟೆ ಮಾಡುತ್ತಾರೆ. ನಿಲ್ಲಿಸುವುದೋ ಬಿಡುವುದೋ ಎಂಬ ತೀರ್ಮಾನ ಸಂಪೂರ್ಣವಾಗಿ ಇವನ ಕೈಯಲ್ಲಿತ್ತು. ಆ ತೀರ್ಮಾನವನ್ನು ಇವನು ಒಂದು ಕಣಗಿಲೆ ಹೂವಿನ ಮೇಲಿಟ್ಟು ಬಂದ. ಅಮ್ಮನಿಗೇನು ಗೊತ್ತು ಲಿಫ್ಟಿನ ಬೀಗ? ಗೊತ್ತಿದೆ ಎಂದೇ ಇಟ್ಟುಕೊಳ್ಳೋಣ, ಜಗನ್ಮಾತೆ ಅವಳು. ಬೀಗ ಹೋಗಿದೆ ಎಂದು ಮೆಕ್ಯಾನಿಕ್ಕಿನ ಬಾಯಿಂದ ಹೇಳಿಸಿದ್ದು ಅವಳಲ್ಲವೇ? ಆ ಮಾತು ಇವನಿಗೆ ಸಾಲದೆ ಹೋಯಿತು. ತನಗೆ ಬೇಕಾದ ಉತ್ತರ ಸಿಗುವಲ್ಲಿಗೆ ಹೋಗಿ ಕೇಳಿದ.

ವಾರ ಕಳೆಯುವಷ್ಟರಲ್ಲಿ ಮುನಿರಾಜಣ್ಣನ ಪರವಾಗಿ ವಕೀಲರೊಬ್ಬರು ಬಂದರು. ಹೂ ಕೇಳಿದ್ದು ಮಗಳ ಮದುವೆಯ ವಿಚಾರಕ್ಕೆ, ಲಿಫ್ಟಿಗಲ್ಲ, ದುಃಖದಲ್ಲಿ ಏನೋ ಬಾಯಿತಪ್ಪಿ ಹೇಳಿದ್ದಾರೆ ಎಂದು ಕಾಗದ ಕೊಟ್ಟರು. ಬೀಗಗಳು ಮೊದಲಿನಿಂದಲೂ ಸರಿಯಾಗಿದ್ದವಂತೆ, ಹಳೆಯವೆಂದು ಬದಲಾಯಿಸಿದ್ದಂತೆ. ಶ್ರೀಕಂಠಯ್ಯನವರು ಕರೆದು, "ಸಾಕ್ಷಿ ಇಲ್ಲ ಅಂದ್ಮೇಲೆ ಏನ್ ಮಾಡ್ತೀರಾ? ಆ ಹೆಂಗಸಿಗೇ ಏನೂ ದೂರಿಲ್ವಂತೆ. ದೈವಾಧೀನ ಅಂತ ಬರೆದು ಮುಗ್ಸಿ" ಎಂದರು. ಉಳಿದಿದ್ದವಳು ಗಂಗಮ್ಮ ಒಬ್ಬಳೇ. ಗಂಡ ಬೀಳುವಾಗ ಅಲ್ಲೇ ನಿಂತಿದ್ದವಳು. ಬಾಗಿಲು ಲಿಫ್ಟಿಲ್ಲದೆ ತೆರೆಯಿತು ಎಂದು ಅವಳು ಕಚೇರಿಯ ವಿಚಾರಣೆಯಲ್ಲಿ ಹೇಳಿದರೆ ಮುನಿರಾಜಣ್ಣ ಉತ್ತರ ಕೊಡಬೇಕು, ತಣಿಸಂದ್ರದ ಲಿಫ್ಟ್ ಅಂದೇ ನಿಲ್ಲಬೇಕು. ಹೇಳದಿದ್ದರೆ ಮಾರಪ್ಪ ಹಣೆಬರಹದಿಂದ ಸತ್ತವನು.

ತಿಥಿ ಮುಗಿದ ಮೇಲೆ ಅವಳ ಮನೆಗೆ ಹೋದೆ. ಹಳಿಯ ಪಕ್ಕದ ಶೀಟಿನ ಮನೆ. ಚಾಪೆ ಹಾಸಿ ಕೂರಿಸಿದಳು. ನಾನು ಬೀಗ, ವೈರ್, ಕಾನೂನು ಎಂದು ಅರ್ಧ ಗಂಟೆ ಮಾತಾಡಿದೆ. ಅವಳು ತಲೆ ಎತ್ತಲಿಲ್ಲ.

"ದೇವ್ರು ಕರ್ಕಂಡ ಅಂದ್ಕಂಡ್ರೆ ಒಂಚೂರು ಕಣ್ ಅತ್ತುತ್ತೆ ಮೇಡಂ. ಅದ್ನೂ ಕಿತ್ಕಬೇಡಿ" ಎಂದಳು.

ನನಗೆ ಸಿಟ್ಟೇ ಬಂತು. "ಎಲ್ಲಾ ದೇವರ ಮೇಲೆ ಹಾಕಿ ಕೂತ್ರೆ ಹೆಂಗೆ ಗಂಗಮ್ಮ? ನಿಮ್ಮಂಥೋರು ಸುಮ್ನಿರೋದಕ್ಕೇ ಅವರು ಆಡಿದ್ದೇ ಆಟ ಆಗಿರೋದು" ಎಂದೆ.

ಆಗ ಅವಳು ತಲೆ ಎತ್ತಿದಳು. "ದೇವ್ರ ಮೇಲೆ ಆಕ್ದೆ ಯಾರ್ ಮೇಲ್ ಆಕ್ಲಿ? ಆವತ್ತು ಬಾಗ್ಲು ತೆಗ್ದವ್ಳು ನಾನು. ಅವ್ನು ಗಾಡಿ ಎಳ್ಕಂಡು ಇಂದಿಂದಕ್ಕೆ ಬತ್ತಿದ್ದ. ಬಾ ಬಾ, ನಾನ್ ಇಡ್ಕಂಡಿವ್ನಿ ಅಂದೆ. ದೇವ್ರಲ್ಲ ಅಂದ್ರೆ ಇನ್ಯಾರು ಮೇಡಂ? ನಾನೇ ಅಲ್ವಾ?"

ಅಪ್ಪನಿಂದ, ನಜೀರರಿಂದ ಕಲಿತ ಮಾತೆಲ್ಲ ಆ ಚಾಪೆಯ ಮೇಲೆ ಉಪಯೋಗಕ್ಕೆ ಬರಲಿಲ್ಲ. ಅವಳ ಪಾಲಿಗೆ ಇದ್ದವರು ಇಬ್ಬರೇ: ದೇವರು, ಇಲ್ಲವೇ ತಾನು. ಮೂರನೆಯವನು ಇದ್ದಾನೆಂದು ಯಾರೂ ಅವಳಿಗೆ ತೋರಿಸಿಯೇ ಇರಲಿಲ್ಲ. ಅವನು, ಆ ಮುನಿರಾಜಣ್ಣ, ಹದಿಮೂರನೆಯ ದಿನಕ್ಕೆ ಅಕ್ಕಿಮೂಟೆ ತಂದುಕೊಟ್ಟು, ಎಲ್ಲ ಅಮ್ಮನ ಇಚ್ಛೆ ಎಂದು ಸಮಾಧಾನ ಹೇಳಿ ಹೋಗಿದ್ದ.

ಅವಳ ಕೈ ಹಿಡಿದುಕೊಂಡೆ. "ನೋಡಮ್ಮ, ನಾನು ಈ ಬಾಗಿಲುಗಳನ್ನ ಎಳೆದು ನೋಡೋ ಕೆಲಸಾನೇ ಮಾಡೋಳು. ಲಿಫ್ಟ್ ಇಲ್ದಾಗ ನೀನು ಜೋತುಬಿದ್ದು ಎಳೆದ್ರೂ ಬಾಗಿಲು ತೆಗೀಬಾರ್ದು. ತೆಗೀತು ಅಂದ್ರೆ ಲಿಫ್ಟ್ ಬಂದಿದೆ ಅಂತ ಯಾರಾದ್ರೂ ನಂಬ್ತಾರೆ. ನಾನಾಗಿದ್ರೂ ಬಾ ಅಂತಾನೇ ಅಂತಿದ್ದೆ. ನಿನ್ನ ಕೈಗೆ ತಪ್ಪಿಲ್ಲ. ಅದು ಕೆಟ್ಟಿದೆ ಅಂತ ಗೊತ್ತಿದ್ದೋರು ಒಬ್ರಿದ್ರು. ಗೊತ್ತಿದ್ದೂ ಒಂದು ಚೀಟಿ ಅಂಟಿಸ್ಲಿಲ್ಲ."

"ಗೊತ್ತಿತ್ತಾ?" ಎಂದಳು.

"ಗೊತ್ತಿತ್ತು. ಅದಕ್ಕೇ ಹೂ ಕೇಳಿದ್ದು."

ಅವಳು ಅಳಲಿಲ್ಲ. ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡಳು. ವಿಚಾರಣೆಗೆ ಬರುತ್ತೇನೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ನಾನು ಹೇಳಿದ್ದು ಅವಳಿಗೆ ಒಳ್ಳೆಯದು ಮಾಡಿತೋ ಕೆಟ್ಟದ್ದು ಮಾಡಿತೋ ಎಂದು ತಿಳಿಯದೆ ಬಸ್ಸಿನಲ್ಲಿ ಮನೆಗೆ ಬಂದೆ.

ವಿಚಾರಣೆಯ ದಿನ ಕಚೇರಿಯಲ್ಲಿ ನಾನು, ನಜೀರ್, ಮುನಿರಾಜಣ್ಣ ಮತ್ತು ವಕೀಲರು ಕೂತಿದ್ದೆವು. ಕೊನೆಯ ಗಳಿಗೆಗೆ ಗಂಗಮ್ಮ ಬಂದಳು. ಮುನಿರಾಜಣ್ಣ ಎದ್ದು ತನ್ನ ಕುರ್ಚಿ ಕೊಟ್ಟ. ಅವಳು ಕೂರಲಿಲ್ಲ. ವಕೀಲರು ಅವಳ ಹೆಸರಿನಲ್ಲಿ ತಾವೇ ಬರೆದು ತಂದಿದ್ದ ಕಾಗದವನ್ನು ಓದಿದರು: ಇದು ದೈವೇಚ್ಛೆ, ನನಗೆ ಯಾರ ಮೇಲೂ ದೂರಿಲ್ಲ. ಹೆಬ್ಬೆಟ್ಟು ಒತ್ತಲು ಇಂಕಿನ ಡಬ್ಬಿಯನ್ನು ಅವಳ ಕಡೆ ಸರಿಸಿದರು. ಅವಳು ಅದರ ಕಡೆ ನೋಡಲೂ ಇಲ್ಲ.

ಮುನಿರಾಜಣ್ಣ ಮೆತ್ತಗೆ ಹೇಳಿದ. "ಒತ್ತವ್ವ. ನಮ್ ಕೈಲಿ ಏನೈತೆ? ಅವ್ನ ಆಯಸ್ಸು ಅಷ್ಟೇ ಇತ್ತು. ಅಮ್ಮನ ಇಚ್ಛೆ."

ಗಂಗಮ್ಮ ಅವನ ಕಡೆ ತಿರುಗಿದಳು. ದನಿ ಏರಿಸಲಿಲ್ಲ.

"ಆ ಮಾತು ನಾನು ಏಳ್ಕಬೇಕು ಕಣಣ್ಣ. ರಾತ್ರಿ ನಿದ್ದೆ ಬರ್ದೆ ಓದ್ರೆ ನಾನು ಏಳ್ಕತೀನಿ. ನೀವ್ ಏಳ್ಬೇಡಿ."

ವಕೀಲರು ಏನೋ ಹೇಳಲು ಬಾಯಿ ತೆರೆದರು, ನಜೀರ್ ಕೈ ತೋರಿಸಿ ತಡೆದರು. ಗಂಗಮ್ಮ ನನ್ನ ಮೇಜಿನ ಹತ್ತಿರ ಬಂದು ನಿಂತಳು.

"ಬರ್ಕಳಿ ಮೇಡಂ. ಬಾಗ್ಲು ತೆಗ್ದವ್ಳು ನಾನು. ಎಳೀತಿದ್ದಂಗೇ ಬಂದ್ಬುಡ್ತು. ಒಳಗೆ ಲಿಫ್ಟ್ ಇರ್ಲಿಲ್ಲ."